ಹಲ್ಲಿಗೆ ತಂತಿ ಕಟ್ಟಿದ ಡಾಕ್ಟರ್‌ಬಾಯಿ

ಡಾಕ್ಟರ್‌ಬಾಯಿಯವರ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳೊಂದು ಸಿಕ್ಕಿಕೊಳ್ಳುವಷ್ಟು ಸಂದಿತ್ತು. ನಕ್ಕಾಗ ಮೊದಲು ಕಾಣುತ್ತಿದ್ದುದೇ ಅದು. ಬೈಲಹೊಂಗಲದಲ್ಲಿ ಬೀಜದಂಗಡಿಯ ಮೇಲಿದ್ದ ಅವರ ದವಾಖಾನೆಗೆ ಮೊದಲ ಸಲ ಹೋದಾಗ ಅವ್ವ ನನ್ನ ಕಿವಿಯಲ್ಲಿ, "ತಮ್ಮ ಹಲ್ಲೇ ನೆಟ್ಟಗ ಮಾಡ್ಕೊಂಡಿಲ್ಲ, ನಿಂದೇನ ಮಾಡ್ತಾರೊ" ಎಂದಳು. ಅದು ಅವರಿಗೂ ಕೇಳಿಸಿತು.

"ನನ್ನ ಹಲ್ಲು ನನಗ ತ್ರಾಸ ಕೊಟ್ಟಿಲ್ರಿ, ಅದಕ್ಕ ಬಿಟ್ಟೇನಿ. ಈ ಹುಡುಗಿಗೆ ಕೊಡಾಕ ಹತ್ಯಾವು," ಎಂದರು, ಸಿಟ್ಟಿಲ್ಲದೆ.

ಕೊಡುತ್ತಿದ್ದದ್ದು ನಿಜ. ನನ್ನ ಮೇಲಿನ ಹಲ್ಲುಗಳು ತುಟಿ ಮೀರಿ ಚಾಚಿದ್ದವು, ಅದರಲ್ಲೂ ಬಲಗಡೆಯದು ಅಡ್ಡ ತಿರುಗಿತ್ತು. ನಮ್ಮೂರು ನೇಸರಗಿಯ ಶಾಲೆ ಮುಗಿಯುವವರೆಗೂ ನಾನು ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದವಳು. ಪಿಯುಸಿಗೆ ಸೇರಿದ ವರ್ಷ ಅವ್ವನೇ ಹಟ ಹಿಡಿದು ಕರೆದುಕೊಂಡು ಬಂದಿದ್ದಳು.

ಡಾಕ್ಟರ್‌ಬಾಯಿಯವರದು ಒಂದು ರೂಢಿ. ಬಾಯಿಗೆ ಹಾಕುವ ಮೊದಲು ತಂತಿ, ಇಕ್ಕಳ, ಹಲ್ಲಿಗೆ ಅಂಟಿಸುವ ಉಕ್ಕಿನ ಸಣ್ಣ ಗುಂಡಿ, ಹೀಗೆ ಎಲ್ಲದರದ್ದೂ ಒಂದೊಂದು ಮಾದರಿಯನ್ನು ನನ್ನ ಅಂಗೈಯಲ್ಲಿಡುತ್ತಿದ್ದರು. "ಕೈಗೆ ಗುರುತಾದ್ರ ಬಾಯಿ ಅಂಜೂದಿಲ್ಲ" ಎನ್ನುತ್ತಿದ್ದರು. ನನ್ನ ಬಾಯಿ ಮಾತ್ರ ಅಂಜುತ್ತಲೇ ಇತ್ತು. ತಂತಿಯ ತುದಿ ಕೆನ್ನೆಯ ಒಳಗೆ ಚುಚ್ಚಿ ಹುಣ್ಣಾಗುತ್ತಿತ್ತು. ರೊಟ್ಟಿಯನ್ನು ಬಿಸಿ ಸಾರಿನಲ್ಲಿ ನೆನೆಸಿ ನುಂಗಬೇಕು, ಶೇಂಗಾ ಮುಟ್ಟುವಂತಿಲ್ಲ. ತಿಂಗಳಿಗೊಮ್ಮೆ ತಂತಿ ಬಿಗಿಸಲು ಬಸ್ಸು ಹತ್ತಿದರೆ, ಇಳಿಯುವಷ್ಟರಲ್ಲಿ ಕೈಯಲ್ಲಿದ್ದ ಟಿಕೆಟ್ಟು ಬೆವರಿಗೆ ಮುದ್ದೆಯಾಗಿರುತ್ತಿತ್ತು.

ಒಮ್ಮೆ ಯರಗಟ್ಟಿಯಲ್ಲಿ ನೆಂಟರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ ಆಸೆ ತಡೆಯದೆ ಖಡಕ್ ರೊಟ್ಟಿ ಕಡಿದೆ. ಒಂದು ಗುಂಡಿ ಕಿತ್ತು ನಾಲಿಗೆಯ ಮೇಲೆ ಬಿತ್ತು. ಅದನ್ನು ಕಾಗದದಲ್ಲಿ ಸುತ್ತಿ ಕಂಪಾಸಿನ ಡಬ್ಬಿಯಲ್ಲಿ ಬಚ್ಚಿಟ್ಟೆ. ಮೂರು ವಾರ ಯಾರಿಗೂ ಹೇಳಲಿಲ್ಲ.

"ಯಾವಾಗ ಬಿತ್ತು?" ಎಂದರು ಡಾಕ್ಟರ್‌ಬಾಯಿ, ನಾನು ಬಾಯಿ ತೆರೆದ ಕೂಡಲೇ.

"ನಿನ್ನೆರಿ."

ಅವರು ಸಣ್ಣ ಕನ್ನಡಿ ಹಿಡಿದು ಆ ಹಲ್ಲನ್ನು ನೋಡಿದರು. "ಹಲ್ಲು ಹಂಗ ಹೇಳವಲ್ದು. ಭಾಳ ಹಿಂದಕ್ಕ ಸರದೈತಿ." ನಾನು ಅಳತೊಡಗಿದೆ. "ಬೈಯೂದಿಲ್ಲ. ಮುಂದ ಹಿಂಗಾದ್ರ ಅವತ್ತೇ ಹೇಳು, ಅಷ್ಟ ಸಾಕು" ಎಂದು ಬೇರೆ ಗುಂಡಿ ಅಂಟಿಸಿದರು.

ಎರಡನೆಯ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಅಂದರೆ ಗ್ಯಾದರಿಂಗ್‌ನಲ್ಲಿ, ನಿರೂಪಣೆ ನನಗೆ ಬಂತು. ವೇದಿಕೆಯ ಮೇಲೆ ತಂತಿ ಹೊಳೆಯುವುದು ನನಗೆ ಬೇಡವಾಗಿತ್ತು. ಅಷ್ಟರೊಳಗೆ ತೆಗೆದುಬಿಡಿ ಎಂದು ಡಾಕ್ಟರ್‌ಬಾಯಿಗೆ ಗಂಟು ಬಿದ್ದೆ. ಅವರು ಒಲ್ಲೆ ಎಂದರು. ಮುಂದಿನ ತಿಂಗಳು ಕಣ್ಣೀರು ಹಾಕಿದೆ. ಆಗ ಅವರು ಕರಗಿದರು. ಬೇಗ ಮುಗಿಯಲೆಂದು ದಪ್ಪ ತಂತಿ ಹಾಕಿ, ಎರಡು ತಿಂಗಳು ಎಂದಿಗಿಂತ ಜೋರಾಗಿ ಬಿಗಿದರು.

ಮೂರನೆಯ ತಿಂಗಳು ಎಕ್ಸ್‌ರೇ ತೆಗೆದರು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೊರಗಿದ್ದ ಅವ್ವನನ್ನು ಒಳಗೆ ಕರೆದು, "ಕುಂಡ್ರಿ" ಎಂದರು. ಅಡ್ಡ ತಿರುಗಿದ್ದ ಆ ಹಲ್ಲಿನ ಬೇರು ಅರ್ಧದಷ್ಟು ಕರಗಿತ್ತು.

"ನಾ ಅವಸರದಾಗ ಬಿಗದೇನ್ರಿ. ಇಷ್ಟ ಜೋರ ಎಳೀಬಾರದಿತ್ತು."

"ಹಲ್ಲು ಉದರತೈತೇನ್ರಿ?" ಎಂದಳು ಅವ್ವ.

"ಉದರಬಹುದು. ಇಲ್ಲಂತ ಸುಳ್ಳ ಹೇಳೂದಿಲ್ಲ."

"ಅವಸರ ಮಾಡಿದಾಕಿ ನಾನ ರೀ..." ಎಂದೆ ನಾನು.

"ನೀ ಸಣ್ಣಾಕಿ, ಕೇಳ್ತಿ. ಕೇಳಿದ್ದಕ್ಕೆಲ್ಲ ಹೂಂ ಅನ್ನಾಕ ನಾ ಡಾಕ್ಟರ್ ಯಾಕ ಆಗಬೇಕಿತ್ತು? ತಪ್ಪು ನಂದು."

ಅಂದೇ ಬಿಗಿತವೆಲ್ಲ ಸಡಿಲಿಸಿ, ಬೆಳಗಾವಿಯ ದೊಡ್ಡ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ಬಿಡಿಸಿ ನೋಡಿದೆ. ತಾವು ಮಾಡಿದ್ದನ್ನು ಒಂದನ್ನೂ ಬಿಡದೆ ಬರೆದಿದ್ದರು. ದಾರಿಯುದ್ದಕ್ಕೂ ನಾಲಿಗೆಯಿಂದ ಆ ಹಲ್ಲನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಇನ್ನು ಆ ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅವ್ವ ಬುಸುಗುಡುತ್ತಿದ್ದಳು.

ಬೆಳಗಾವಿಯ ಡಾಕ್ಟರು ಚೀಟಿಯನ್ನು ಎರಡು ಸಲ ಓದಿದರು. "ಈಗ ನಿಲ್ಲಿಸಿದ್ದಕ್ಕ ಹಲ್ಲು ಉಳಿಯೂ ಆಸೆ ಐತಿ. ಇನ್ನೊಮ್ಮೆ ಬಿಗದಿದ್ರ ಹೋಗತಿತ್ತು. ಮೂರು ತಿಂಗಳು ಏನೂ ಮಾಡಬ್ಯಾಡ್ರಿ. ಆಮ್ಯಾಲೆ ಇಲ್ಲಿಗೆ ಬರೂದು ಬ್ಯಾಡ, ಅವರ ಹಂತ್ಯಾಕ ಹೋಗ್ರಿ" ಎಂದರು. ಮರಳುವಾಗ ನೇಸರಗಿಯಲ್ಲಿ ಇಳಿದ ಅವ್ವ ಮನೆಯ ಕಡೆ ತಿರುಗದೆ, ಡಾಕ್ಟರ್‌ಬಾಯಿಗೆ ಹೇಳಿ ಬರಲೆಂದು ನನ್ನ ಕೈ ಹಿಡಿದು ಬೈಲಹೊಂಗಲದ ಬಸ್ಸಿಗೆ ಹತ್ತಿಸಿದಳು.

ಗ್ಯಾದರಿಂಗ್‌ನಲ್ಲಿ ತಂತಿ ಸಮೇತ ಮಾತಾಡಿದೆ. ಮೊದಲ ಸಾಲಿನಲ್ಲಿ ಯಾರೋ ನಕ್ಕರು. ಮಾತು ನಿಲ್ಲಿಸಲಿಲ್ಲ. ಹಲ್ಲೇ ಉದುರೀತೆಂಬ ಭಯದ ಮುಂದೆ ಆ ನಗು ಸಣ್ಣದಾಗಿತ್ತು. ಮೂರು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಬೇರು ಕರಗುವುದು ಅಷ್ಟಕ್ಕೇ ನಿಂತಿತ್ತು. ಆಮೇಲೆ ಒಂದು ವರ್ಷ ಅವರು ಹೂವು ಬಿಡಿಸಿದಷ್ಟು ಹಗುರಾಗಿ ಕೆಲಸ ಮಾಡಿದರು. ತಂತಿ ತೆಗೆದಾಗ ಆ ಹಲ್ಲು ತುಸು ಸೊಟ್ಟಗೇ ಇತ್ತು. "ಇಷ್ಟ ಸೊಟ್ಟ ಇರ್ಲಿ ಬಿಡು, ಬಾಯಾಗ ಇರೂದು ಮುಖ್ಯ" ಎಂದರು.

ನಾಲ್ಕು ವರ್ಷ ಕಳೆದಿತ್ತು. ದವಾಖಾನೆ ಮುಚ್ಚಿದೆ, ಅವರು ಕಾಯಿಲೆ ಬಿದ್ದು ಸವದತ್ತಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ನೋಡಲು ಹೋಗಿ, ಆ ಮನೆಯ ಬಾಗಿಲಲ್ಲಿ ಹೆದರುತ್ತ ನಿಂತೆ. ಮಂಚದ ಮೇಲೆ ಅವರು ಗುರುತು ಸಿಗದಷ್ಟು ಸೊರಗಿದ್ದರು. ನನ್ನನ್ನು ಕಂಡವರೇ ಎದ್ದು ದಿಂಬಿಗೆ ಒರಗಿ ಕುಳಿತರು.

"ಬಾ ಇಲ್ಲಿ. ಬಾಯಿ ತಗಿ."

ಮಂಡಿಯೂರಿ ಬಾಯಿ ತೆರೆದೆ. ತಣ್ಣಗಿದ್ದ ಬೆರಳಿನಿಂದ ಆ ಹಲ್ಲನ್ನು ಮೆಲ್ಲಗೆ ಅಲುಗಿಸಿ ನೋಡಿದರು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತು ಆಡಲು ಬಾಯಿ ಖಾಲಿ ಇರಲಿಲ್ಲ. ಕಣ್ಣಲ್ಲಿ ನೀರು ಮಾತ್ರ ಬಂತು.

"ಗಟ್ಟಿ ಐತಿ," ಎಂದರು. ಅವರು ಇಷ್ಟು ವರ್ಷ ಅಂಜುತ್ತಲೇ ಇದ್ದರೆಂದು ಆಗ ನನಗೆ ಗೊತ್ತಾಯಿತು.

ಹದಿನೈದು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.