ಜಹೀರ್ ಕಾಲೂರಿದ ತಿರುವು

ಶಿರಸಿಯಲ್ಲಿ ಲಾರಿ ಓಡಿಸುವ ದಾದಾಸಾಬನ ಮಗ ಜಹೀರ್. ನಸುಕಿನಲ್ಲಿ ಸೈಕಲ್ ಹತ್ತಿ ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಮತ್ತೆ ಅದೇ ಘಟ್ಟ ಹತ್ತಿ ಊಟದ ಹೊತ್ತಿಗೆ ಮನೆ ಸೇರುತ್ತಿದ್ದ. ಆ ಕಾಲುಗಳನ್ನು ನೋಡಿಯೇ ಪವನ್ ಸೈಕಲ್ ಕಂಪನಿಯವರು ತಮ್ಮ ರೇಸ್ ತಂಡಕ್ಕೆ ಅವನನ್ನು ಸಂಬಳಕ್ಕೆ ತೆಗೆದುಕೊಂಡರು.

ತಂಡ ಕಟ್ಟಿದ್ದು ಕಂಪನಿಯ ದುಬಾರಿ ಸೈಕಲ್ಲುಗಳು ಮಾರಾಟವಾಗಲೆಂದು. ಗೆಲ್ಲಬೇಕಾದವನು ವಿಜಯಪುರದ ಸೋಮ. ಅವನು ದಣಿಯದಂತೆ ಜಹೀರ್ ಅವನ ಮುಂದೆ ಗಾಳಿಗೆ ಎದೆಯೊಡ್ಡಿ ಓಡಿಸಬೇಕು. ಸೋಮನ ಗಾಲಿ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಡಬೇಕು. ಮೊದಲೆರಡು ವರ್ಷ ಸೋಮ ಗೆದ್ದ, ಕಂಪನಿಯ ಕ್ಯಾಲೆಂಡರಿಗೂ ಬಂದ. ಆಮೇಲೆ ಗೆಲುವು ನಿಂತಿತು, ಮಾಲೀಕರಿಗೂ ಬೇಸರ ಬಂತು.

ಕೊನೆಯ ವರ್ಷ ಒಂದು ಘಟ್ಟದ ರೇಸಿನಲ್ಲಿ ಸೋಮ ಸುಸ್ತಾಗಿ ಹಿಂದುಳಿದ. ಜಹೀರ್ ಒಬ್ಬನೇ ಎಲ್ಲರಿಗಿಂತ ಮುಂದಿದ್ದ. ಕಿವಿಯ ರೇಡಿಯೋದಲ್ಲಿ ಮ್ಯಾನೇಜರ್, ನಿಂತು ಸೋಮನನ್ನು ಕರೆದುಕೊಂಡು ಬಾ ಎಂದ.

"ಸರ್, ಹಿಂದೆ ಯಾರೂ ಕಾಣ್ತಿಲ್ಲ. ನಾನೇ ಗೆಲ್ತೆ."

"ಯಾರು ಗೆಲ್ಲಬೇಕು ಅಂತ ಕಂಪನಿ ಹೇಳುತ್ತೆ. ನಿಲ್ಲು."

ಜಹೀರ್ ತಿರುವಿನಲ್ಲಿ ಕಾಲೂರಿ ನಿಂತ. ಬೇರೆ ತಂಡದ ಮೂವರು ಅವನನ್ನು ದಾಟಿ ಹೋದರು. ಕಡೆಗೆ ಸೋಮ ಬಂದನಾದರೂ ಅವರನ್ನು ಹಿಡಿಯುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಸ್ವಲ್ಪ ದಿನಕ್ಕೇ ಕಂಪನಿ ಎಲೆಕ್ಟ್ರಿಕ್ ಸ್ಕೂಟರಿನವರ ಪಾಲಾಯಿತು. ತಂಡ ಮುಚ್ಚಿದ ಸುದ್ದಿ ಮೊಬೈಲಿಗೆ ಬಂತು. ಜಹೀರನ ಕೈಲಿದ್ದ ಸೈಕಲ್ಲೂ ಕಂಪನಿಯದ್ದೇ ಆದ್ದರಿಂದ ಅದನ್ನು ಒಯ್ಯಲು ಒಬ್ಬ ಮನೆಗೆ ವ್ಯಾನ್ ತಂದ. ತಾಯಿ ಬಿಸ್ಮಿಲ್ಲಾ ಬಿ ಅವನಿಗೆ ಚಹಾ ಕೊಟ್ಟಳು. ಜಹೀರ್ ತಾನೇ ಗಾಲಿ ಬಿಚ್ಚಿ ವ್ಯಾನಿಗೆ ಏರಿಸಿದ.

ಉಳಿದ ತಂಡಗಳಿಗೆಲ್ಲ ಫೋನ್ ಮಾಡಿದ. ಯಾವ ರೇಸ್ ಗೆದ್ದಿದ್ದೀಯ ಎಂದು ಎಲ್ಲರೂ ಕೇಳಿದರು. ಸೋಮನಿಗೆ ಬೇರೆ ತಂಡ ಸಿಕ್ಕಿತ್ತು. ತನಗಾಗಿ ಒಂದು ಮಾತು ಹೇಳೆಂದು ಅವನನ್ನೂ ಬೇಡಿಕೊಂಡ.

"ಕೇಳೀನಿ ಜಹೀರ. ಅವ್ರಿಗೆ ಗೆದ್ದಾವ್ರಽ ಬೇಕಂತ," ಎಂದ ಸೋಮ.

ಜಹೀರ್ ಈಗ ಬನವಾಸಿಯಿಂದ ಅನಾನಸು ತುಂಬಿಕೊಂಡು ಟೆಂಪೋ ಓಡಿಸುತ್ತಾನೆ. ಮನೆಯಲ್ಲಿ ಮಾತು ಕಡಿಮೆ. ಹಳೆಯದಾದರೂ ಸರಿ, ಒಂದು ಸೈಕಲ್ ತಂದುಕೊಂಡು ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ ಎಂದು ಹೆಂಡತಿ ಉಜ್ಮಾ ಒಮ್ಮೆ ಹೇಳಿ ನೋಡಿದಳು.

"ಎಂತಕ್ಕೆ?" ಎಂದ.

ಅವನು ಕಲಸಿದ ಅನ್ನ ಉಂಡು ಮುಗಿಸಿದ. ಆಮೇಲೆ ಎದ್ದು ತಟ್ಟೆ ತೊಳೆದಿಟ್ಟ.