ಬಿಸಿಲಿನ ಏಜೆಂಟರು
ನಮ್ಮ ಮೇಲಿನ ಮಹಡಿಯ ಯಜಮಾನರನ್ನು ಬೀದಿಯೆಲ್ಲ ಬಿಸಿಲಿನ ಏಜೆಂಟರು ಎಂದೇ ಕರೆಯುತ್ತದೆ. ಅವರ ತಾರಸಿಯಲ್ಲಿ ಒಂದು ಟವೆಲ್ ಒಣಗಿಸಲೂ ಜಾಗವಿಲ್ಲ. ಸೌರಫಲಕಗಳು, ಹಳೆಯ ಫ್ಯಾನಿನ ರೆಕ್ಕೆಗಳಿಂದ ಮಾಡಿದ ಗಾಳಿಯಂತ್ರ, ಮೂಗು ಮುಚ್ಚಿಕೊಂಡೇ ದಾಟಬೇಕಾದ ಜೈವಿಕ ಅನಿಲದ ಡ್ರಮ್ಮು. ನಾವು ತರಕಾರಿ ಸಿಪ್ಪೆ ಎಸೆಯಲು ಹೊರಟರೆ, "ಅಯ್ಯೋ, ಒಂದು ಲೋಟ ಟೀ ಬಿಸಾಕ್ತಿದೀರಲ್ರೀ!" ಎಂದು ಡ್ರಮ್ಮಿಗೆ ಹಾಕಿ ಒಲೆಗೆ ಅನಿಲ ಮಾಡಲು ಕೈಯೊಡ್ಡುತ್ತಾರೆ. ಮೆಟ್ಟಿಲು ಹತ್ತಿ ನಾನು ಏದುಸಿರು ಬಿಟ್ಟರೆ ನನ್ನ ಹೊಟ್ಟೆಯನ್ನು ಅಕ್ಕರೆಯಿಂದ ನೋಡಿ, "ರಾಸಾಯನಿಕ ಶಕ್ತಿಗೇನೂ ಕಮ್ಮಿ ಇಲ್ಲ, ಚಲನಶಕ್ತಿ ಮಾತ್ರ ಹೊರಗೆ ಬರ್ತಿಲ್ಲ" ಎನ್ನುತ್ತಾರೆ. ಮೋಡ ಕಂಡರೆ ಬೇಡದ ನೆಂಟರು ಬಂದಂತೆ ಮುಖ ಗಂಟಿಕ್ಕುತ್ತಾರೆ, ಗಾಳಿ ಬೀಸಿದರೆ ಮಗಳು ತವರಿಗೆ ಬಂದಂತೆ ಅರಳುತ್ತಾರೆ. ಮೊನ್ನೆ ಸಂಜೆ ಬಿರುಗಾಳಿಗೆ ಕಂಬ ಉರುಳಿ ಬೀದಿಗೆಲ್ಲ ಕರೆಂಟು ಹೋದಾಗ, ಫೋನ್ ಚಾರ್ಜ್ ಮಾಡಿಕೊಳ್ಳೋಣವೆಂದು ಮೇಲೆ ಹೋದೆ. ಉಬ್ಬಸದ ಅವರ ಹೆಂಡತಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದರು. ಪಕ್ಕದಲ್ಲಿ ಆಮ್ಲಜನಕದ ಯಂತ್ರ, ಹಗಲಿನ ಬಿಸಿಲು ತುಂಬಿಕೊಂಡ ಬ್ಯಾಟರಿಯಿಂದ ಗುಂಯ್ ಎನ್ನುತ್ತಿತ್ತು. "ಹಿಂದೊಂದ್ಸಲ ಕರೆಂಟು ಹೋಗಿ ಇದು ನಿಂತುಬಿಟ್ಟಿತ್ತು ಸ್ವಾಮಿ, ಇವಳ ತುಟಿ ನೀಲಿಯಾಗಿತ್ತು. ತಾರಸಿ ತುಂಬಿಸಿದ್ದು ಆಮೇಲೆ" ಎನ್ನುತ್ತಾ ಏಜೆಂಟರು ಬ್ಯಾಟರಿಗೂ ಕಿಟಕಿಗೂ ಓಡಾಡುತ್ತಿದ್ದರು. ಮೇಲೆ ಗಾಳಿಯಂತ್ರ ಗರಗರ ಸುತ್ತುತ್ತಿತ್ತು. ಆಕೆ ಕಣ್ಣು ಬಿಟ್ಟು, "ಅದು ಸುತ್ತುತ್ತಾ ಇದೆಯಲ್ಲ, ನೀವೂ ಯಾಕೆ ಸುತ್ತುತ್ತೀರಿ? ನಂಗೆ ಚೆನ್ನಾಗಿ ಉಸಿರು ಬರ್ತಿದೆ, ಬನ್ನಿ, ಕೂತ್ಕೊಳ್ಳಿ" ಎಂದರು. ಏಜೆಂಟರು ಮಂಚದ ತುದಿಯಲ್ಲಿ ಕೂತು, ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟರು. ನಾನೂ ಬಿಟ್ಟೆ, ಚಾರ್ಜರನ್ನು ಜೇಬಿನಿಂದ ತೆಗೆಯದೆಯೇ ಕೆಳಗಿಳಿದು ಬಂದೆ.