ಕಿಟಕಿಗೆ ಯಾವ ಬಟ್ಟೆ?

ಮದುವೆಯಾಗಿ ಮರಳೂರಿನ ಮನೆಗೆ ಬಂದಾಗ ನಾನು ಬಿ.ಎ. ಕೊನೆಯ ವರ್ಷದಲ್ಲಿ ಒಂದು ಸಲ ಫೇಲಾದವಳು. ಇನ್ನೊಂದು ಸಲ ಕಟ್ಟುತ್ತೇನೆಂದು ಹಟ ಹಿಡಿದಿದ್ದೆ. ಈ ಸಲವೂ ಹೋದರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕುವುದೆಂದು ನಮ್ಮಪ್ಪ, ಮಾವ ಇಬ್ಬರೂ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಎಪ್ಪತ್ತರ ದಶಕದ ಕೊನೆ ಅದು. ಗಂಡನಿಗೆ ಕುಣಿಗಲ್ಲಿನಲ್ಲಿ ಕೆಲಸ. ಶನಿವಾರ ಕತ್ತಲಾದ ಮೇಲೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಿದ್ದರು. ಉಳಿದಂತೆ ಮನೆಯಲ್ಲಿ ಅತ್ತೆ, ಮಾವ, ನಾನು.

ಓದುವಷ್ಟು ಬೆಳಕಿದ್ದದ್ದು ಬೀದಿ ಕಡೆಯ ಕೋಣೆಯಲ್ಲಿ ಮಾತ್ರ. ನಡುಮನೆಗೆ ಒಂದೇ ಒಂದು ಗಾಜಿನ ಹೆಂಚಿತ್ತು. ಅದರ ಬೆಳಕಿನಲ್ಲಿ ಅಕ್ಕಿಯ ಕಲ್ಲು ಕೂಡ ಕಾಣುತ್ತಿರಲಿಲ್ಲ. ಹಗಲು ಹೊತ್ತು ಬಲ್ಬ್ ಹಾಕಿದರೆ ಮಾವನಿಗೆ ಆಗದು. ಬೀದಿ ಕೋಣೆಯ ಕಿಟಕಿಯೋ ರಸ್ತೆಗೇ ಅಂಟಿಕೊಂಡಿತ್ತು. ಹೋಗಿಬರುವವರೆಲ್ಲ ಕತ್ತು ತಿರುಗಿಸಿ ನೋಡಿಯೇ ಹೋಗುವವರು. "ಹೊಸ ಸೊಸೆ ಕಿಟಕೀಲೇ ಕೂತವ್ಳೆ ಅಂತಾರೆ ಕಣಮ್ಮ. ಒಂದು ಪರದೆ ಹಾಕು, ಇಲ್ದಿದ್ರೆ ಒಳಗೆ ಕೂತು ಓದು," ಅಂದರು ಅತ್ತೆ.

ಅಲ್ಲಿಂದ ಶುರುವಾಯಿತು ನನ್ನ ಗೊಂದಲ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಬೆಳೆದವಳು ನಾನು. ನಮ್ಮ ಕಡೆ ಪರದೆ ಅಂದರೆ ನಾಟಕದ್ದು. ಕಿಟಕಿಗೆ ಬಟ್ಟೆ ಕಟ್ಟಿದ್ದನ್ನು ಕಂಡದ್ದು ಬಾಣಂತಿ ಕೋಣೆಯಲ್ಲಿ ಮಾತ್ರ.

ಮೊದಲು ದಪ್ಪನೆಯ ಹಸಿರು ಬಟ್ಟೆ ತಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಳೆ ಬಾಳೆಲೆಯ ಬಣ್ಣ. ಮನೆಯಲ್ಲಿ ಸ್ಪ್ರಿಂಗಿಗೆ ಪೋಣಿಸಿ ಎಳೆದರೆ ಕೋಣೆಯೆಲ್ಲ ಪಾಚಿ ಕಟ್ಟಿದ ಹಾಗಾಯಿತು. ಪುಸ್ತಕದ ಅಕ್ಷರ ಹಾಗಿರಲಿ, ನನ್ನ ಕೈಯೇ ಹಸಿರು. ಅತ್ತೆಗೆ ಬಲು ಖುಷಿ, "ತಂಪಾಗದೆ ನೋಡು" ಅಂದರು. ತಂಪಿಗೆ ನನಗೆ ಬೆಳಿಗ್ಗೆ ಹತ್ತಕ್ಕೇ ತೂಕಡಿಕೆ. ಅದನ್ನು ದಿಂಬಿನ ಚೀಲ ಮಾಡಿ ಹಳದಿ ತಂದೆ. ಪೂರ್ವದ ಕಿಟಕಿ, ಬೆಳಗಿನ ಬಿಸಿಲು ಹಳದಿಯ ಮೇಲೆ ಬಿದ್ದರೆ ಕಣ್ಣು ಬಿಡಲಾಗದು. ಪಕ್ಕದ ಮನೆಯಾಕೆ ಬಂದವರು ನನ್ನ ಮುಖ ನೋಡಿ "ಕಾಮಾಲೆಯೇನಮ್ಮಾ?" ಎಂದು ಕೇಳಿಯೇಬಿಟ್ಟರು. ಗಂಡನನ್ನು ಕೇಳಿದರೆ, "ಯಾವ್ದಾದ್ರೂ ಹಾಕು, ನಾನು ಬರೋ ಹೊತ್ಗೆ ಕತ್ಲಾಗಿರ್ತದೆ" ಅಂದರು. ಇಂಥವರ ಹತ್ತಿರ ಸಲಹೆ ಕೇಳಿದ ನನ್ನ ಬುದ್ಧಿಗೆ ಏನೆನ್ನಲಿ!

ಮೂರನೇ ಸಲ ಹೋದಾಗ ಅಂಗಡಿಯವರಿಗೇ ಸಾಕಾಗಿತ್ತು. "ಬೆಳಕು ಬರ್ಬೇಕಾ, ಜನ ನೋಡ್ಬಾರ್ದಾ? ಯಾವ್ದಾದ್ರೂ ಒಂದು ಹೇಳ್ರಮ್ಮ." ಎರಡೂ ಅಂದೆ. ಅವರು ತೆಳ್ಳನೆಯ ಬಿಳೀ ವಾಯಿಲ್ ಬಟ್ಟೆ ಬಿಚ್ಚಿ, ಬಾಗಿಲಿಗೆ ಅಡ್ಡ ಹಿಡಿದು, ನನ್ನನ್ನು ಹೊರಗೆ ಕಳಿಸಿದರು. ಬಿಸಿಲಲ್ಲಿ ನಿಂತು ನೋಡಿದರೆ ಒಳಗಿನದೇನೂ ಕಾಣದು. ಒಳಗೆ ಬಂದು ನೋಡಿದರೆ ಬೀದಿಯೆಲ್ಲ ಕಾಣುತ್ತದೆ. ಅದು ಹೇಗೆಂದು ತಲೆಗೆ ಹೋಗಲಿಲ್ಲ. ಹೋಗದಿದ್ದರೆ ಹೋಗಲಿ ಎಂದು ಕೊಂಡು ತಂದೆ.

ಅತ್ತೆಗೂ ಅದೇ ಪರೀಕ್ಷೆ ಮಾಡಿಸಿದೆ. ಅವರು ರಸ್ತೆಗಿಳಿದು, ಹಣೆಗೆ ಕೈ ಅಡ್ಡ ಹಿಡಿದು, "ಎಲ್ಲಿದೀಯೇ?" ಎಂದು ಕೂಗಿದರು. ನಾನು ಅವರ ಎದುರಿಗೇ ಕೂತು ನಾಲಿಗೆ ಚಾಚಿದ್ದೆ. ಅತ್ತೆ ಒಪ್ಪಿದರು. ಒಂದು ವಾರ ಮನಸಾರೆ ಓದಿದೆ.

ಆಮೇಲೊಂದು ಮುಸ್ಸಂಜೆ ಹಾಲು ತೆಗೆದುಕೊಂಡು ಬರುತ್ತಿದ್ದೆ. ಕೋಣೆಯಲ್ಲಿ ದೀಪ ಹಾಕಿತ್ತು. ಕಿಟಕಿಗೆ ಬಟ್ಟೆಯೇ ಇಲ್ಲವೇನೋ ಅನ್ನುವಂತೆ ರಸ್ತೆಯಿಂದಲೇ ಎಲ್ಲ ಕಂಡಿತು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕೆಮ್ಮಿದರೆ ಇಡೀ ಬೀದಿ ತಿರುಗಿ ನೋಡುವಂಥ ಗತ್ತಿನ ನಮ್ಮ ಮಾವ, ನೆಲದ ಮೇಲೆ ಕೂತು ಅವರ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಅತ್ತೆ ನಗುತ್ತಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಆ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ.

ಚೊಂಬು ಹಿಡಿದು ಅಲ್ಲೇ ನಿಂತೆ. ಹೇಳಿದರೆ ವಾಯಿಲ್ ಇಳಿಯುತ್ತದೆ, ನನ್ನ ಬೆಳಕು ಹೋಗುತ್ತದೆ, ಪರೀಕ್ಷೆಗೆ ಇನ್ನೊಂದೇ ತಿಂಗಳು. ಹೇಳದಿದ್ದರೆ ದಿನಾ ಸಂಜೆ ಊರಿಗೆಲ್ಲ ಪುಕ್ಕಟೆ ನೋಟ. ಹೇಳುವುದಾದರೂ ಏನೆಂದು? ನಾಚಿಕೆಯಾಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಾಲು ಒಲೆಗಿಟ್ಟು, ಅಡುಗೆಮನೆಗೆ ಬಂದ ಅತ್ತೆಗೆ ಒಲೆ ನೋಡುತ್ತಲೇ ಹೇಳಿದೆ. "ಅತ್ತೆ, ಲೈಟ್ ಹಾಕಿದ್ರೆ ಆ ಬಟ್ಟೇಲಿ ಹೊರಗಡೆಗೆ ಕಾಣ್ತದೆ."

"ಏನ್ ಕಾಣ್ತು?"

"ಏನಿಲ್ಲ. ಗಡಿಯಾರ."

ಅತ್ತೆ ಸೀರೆ ಎಳೆದು ಪಾದ ಮುಚ್ಚಿಕೊಂಡರು.

ಮರುದಿನ ಮಧ್ಯಾಹ್ನ ತಾವೇ ಪೇಟೆಗೆ ಹೋಗಿ, ಕಂಬಳಿಯಷ್ಟು ದಪ್ಪನೆಯ ಕಂದು ಬಟ್ಟೆ ತಂದರು. ನನ್ನ ಕತೆ ಮುಗಿಯಿತು ಎಂದುಕೊಂಡೆ. ಪುಸ್ತಕಗಳನ್ನು ಎತ್ತಿಕೊಂಡು ನಡುಮನೆಯ ಕಡೆ ಹೊರಟೆ.

"ಎಲ್ಲಿಗೆ? ಕೂತ್ಕೊಳೇ ಅಲ್ಲೇ," ಅಂದರು. ವಾಯಿಲನ್ನು ಮುಟ್ಟಲಿಲ್ಲ. ಅದರ ಹಿಂದೆ ಇನ್ನೊಂದು ಸ್ಪ್ರಿಂಗ್ ಸಿಕ್ಕಿಸಿ, ಕಂದು ಬಟ್ಟೆಯನ್ನು ಪೋಣಿಸಿ, ಒಂದು ಮೂಲೆಗೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: "ದೀಪ ಹಚ್ಚೋವರ್ಗೂ ಈ ಕೋಣೆ ನಿಂದು ಕಣೇ. ಹಚ್ಚಿದ್ಮೇಲೆ ನಂದು."